ಒರಳಿನ ಒಳಗೆ ಹಚ್ಚಿದ ವಿಭೂತಿ

ಪುಡಿಯ ಕೆಲಸಕ್ಕೆ ಸೇರುವವರು ಮೊದಲು ಉಸಿರಾಡುವುದನ್ನು ಕಲಿಯಬೇಕು. ತಕ್ಕಡಿಯ ಮುಂದೆ ಕೂತಾಗ ಬಾಯಿ ಮುಚ್ಚಿರಬೇಕು, ಫ್ಯಾನು ಆರಿರಬೇಕು, ಸೀನು ಬರುವ ಹಾಗಿದ್ದರೆ ಎದ್ದು ಹೊರಗೆ ಓಡಬೇಕು. ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ನಾನು ಇದನ್ನೇ ಮೊದಲ ಪಾಠವಾಗಿ ಹೇಳುತ್ತಿದ್ದೆ. ಅವರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಬೆಳಗಿನಿಂದ ತೂಗಿದ್ದನ್ನು ಒಂದೇ ಸೀನಿಗೆ ಹಾರಿಸಿದ ಮೇಲೆ ಯಾರೂ ನಗುತ್ತಿರಲಿಲ್ಲ.

ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಪಿಂಗಾಣಿ ಪುಡಿಗಳ ಲ್ಯಾಬಿಗೆ ಸೇರಿ, ಅಲ್ಲೇ ನಿವೃತ್ತಳಾದವಳು ನಾನು. ಬಡ್ತಿಗಳ ವಿಷಯ ಬರೆಯುವಷ್ಟಿಲ್ಲ. ಮೊದಲು ಸ್ಟೂಲಿತ್ತು, ಆಮೇಲೆ ಕುರ್ಚಿ ಬಂತು, ಕುರ್ಚಿಗೆ ಕೈ ಬಂತು, ಕೊನೆಗೆ ಚಕ್ರ ಬಂತು. ಇಲ್ಲಿ ಬರೆಯುವುದು ಸ್ಟೂಲಿನ ಕಾಲದ ಸಂಗತಿ, ಎಂಬತ್ತರ ದಶಕದ ಕೊನೆಯದು. ಇವತ್ತು ಬ್ಯಾಟರಿ ಎಂದ ಕೂಡಲೇ ಲಿಥಿಯಂ ಎನ್ನುವ ಮಕ್ಕಳಿಗೆ, ಆಗ ಅದೇ ಲಿಥಿಯಮ್ಮಿಗಾಗಿ ಒಬ್ಬ ಮನುಷ್ಯ ಎಷ್ಟು ಹಟ ಹಿಡಿದಿದ್ದ ಎಂಬುದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಆ ಮನುಷ್ಯ ಡಾಕ್ಟರ್ ಶ್ರೀಕಂಠಯ್ಯ. ಔಷಧಿಯ ಡಾಕ್ಟರಲ್ಲ, ರಸಾಯನಶಾಸ್ತ್ರದವರು. ಸರ್ಕಾರಿ ಪ್ರಯೋಗಾಲಯದ ಭದ್ರವಾದ ಕೆಲಸ ಬಿಟ್ಟು ಆಸ್ಬೆಸ್ಟಾಸ್ ಶೀಟಿನ ನಮ್ಮ ಶೆಡ್ಡಿಗೆ ಬಂದಿದ್ದರು. ನೆಂಟರೆಲ್ಲ ಅವರಿಗೆ ಬುದ್ಧಿ ಕೆಟ್ಟಿದೆ ಎಂದೇ ಮಾತಾಡಿಕೊಳ್ಳುತ್ತಿದ್ದರಂತೆ. ಹೆಸರಿನಲ್ಲಿ ಶಿವನಿದ್ದರೂ ಹಣೆಯ ಮೇಲೆ ಏನೂ ಇರುತ್ತಿರಲಿಲ್ಲ. ದೇವರನ್ನು ಬೈಯುತ್ತಿರಲಿಲ್ಲ, ಸುದ್ದಿಗೆ ಹೋಗುತ್ತಿರಲಿಲ್ಲ, ಅಷ್ಟೆ.

ಶೆಡ್ಡಿನ ಮಾಲೀಕರು ಗಂಗಣ್ಣ. ಮೂಡಲಪಾಳ್ಯದ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲಗಳು ಒಂದೊಂದಾಗಿ ಸೈಟುಗಳಾದಾಗ, ಉಳಿದವರು ಮನೆ ಕಟ್ಟಿ ಬಾಡಿಗೆಗೆ ಬಿಟ್ಟರೆ ಇವರು ರೇಡಿಯೋಗಳಿಗೆ ಹಾಕುವ ಕೆಪಾಸಿಟರ್ ಬಿಲ್ಲೆಗಳ ಕಾರ್ಖಾನೆ ಹಾಕಿದರು. ಓದಿದ್ದು ಕಡಿಮೆ, ಧೈರ್ಯ ಜಾಸ್ತಿ. ಡಾಕ್ಟರು ಇವರ ಹತ್ತಿರ ಬಂದು, ದ್ರವವೇ ಇಲ್ಲದ, ಸೋರದ, ಪಿಂಗಾಣಿ ಬಿಲ್ಲೆಯ ಬ್ಯಾಟರಿ ಮಾಡಿಕೊಡುತ್ತೇನೆ ಎಂದಾಗ ಗಂಗಣ್ಣ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟ್ ದಿನಕ್ಕಾಗುತ್ತೆ ಸಾರ್?"

"ಹೇಳಕ್ಕಾಗಲ್ಲ."

"ಹೇಳಕ್ಕಾಗಲ್ಲ ಅಂತ ಹೇಳಿದ್ರಲ್ಲ, ಅದೇ ಸಂತೋಷ. ಬೇರೆಯೋರೆಲ್ಲ ಮೂರ್ ತಿಂಗಳು ಅಂತಾರೆ. ಬನ್ನಿ, ಒಂದ್ ಒಲೆ ನಿಮಗೇ ಬಿಟ್ಬಿಡ್ತೀನಿ."

ಹೀಗೆ ಕೆಪಾಸಿಟರ್ ವಿಭಾಗದ ಎರಡು ವಿದ್ಯುತ್ ಕುಲುಮೆಗಳಲ್ಲಿ ಒಂದು ನಮ್ಮದಾಯಿತು. ಗಂಗಣ್ಣನವರಿಗೆ ಕುಲುಮೆಯೆಂದರೂ ಒಲೆಯೇ. ಡಾಕ್ಟರು, ಸಹಾಯಕ್ಕೆ ನಾನು, ಕುಲುಮೆ ನೋಡಿಕೊಳ್ಳಲು ಶ್ರೀರಾಮಪುರದ ಪಳನಿ. ಇಷ್ಟೇ ನಮ್ಮ ವಿಭಾಗ.

ಪುಡಿಯ ವಿಷಯ ಸ್ವಲ್ಪ ಹೇಳಬೇಕು. ಲಿಥಿಯಂ, ಲ್ಯಾಂಥನಮ್, ಟೈಟಾನಿಯಂ ಎಂಬ ಮೂರು ಲೋಹಗಳ ಬಿಳಿ ಪುಡಿಗಳನ್ನು ತೂಗಿ, ಅರೆದು, ಸಾವಿರ ಡಿಗ್ರಿಗೂ ಮೇಲೆ ಸುಟ್ಟರೆ ಪೆರೊವ್‌ಸ್ಕೈಟ್ ಎಂಬ ಜಾತಿಯ ಹರಳು ಹುಟ್ಟುತ್ತದೆ. ಅದರೊಳಗೆ ಸಾಲುಸಾಲು ಕೋಣೆಗಳು. ಕೆಲವು ಕೋಣೆಗಳಲ್ಲಿ ಲ್ಯಾಂಥನಮ್ ಜಮಾಯಿಸಿ ಕೂತಿರುತ್ತದೆ, ಕೆಲವದರಲ್ಲಿ ಪುಟ್ಟ ಲಿಥಿಯಂ, ಕೆಲವು ಖಾಲಿ. ಖಾಲಿ ಇರುವುದೇ ಗುಟ್ಟು. ವಿಜಯನಗರದಿಂದ ನಾನು ಹತ್ತುತ್ತಿದ್ದ ಬಸ್ಸಿನಲ್ಲಿ ಎಲ್ಲ ಸೀಟೂ ತುಂಬಿದ್ದರೆ ಯಾರೂ ಅಲುಗುತ್ತಿರಲಿಲ್ಲ. ಒಂದು ಸೀಟು ತೆರವಾದರೆ ಸಾಕು, ಹಿಂದಿನವರು ಮುಂದಕ್ಕೆ, ಅವರ ಜಾಗಕ್ಕೆ ಇನ್ನೊಬ್ಬರು. ಹಾಗೆ ಲಿಥಿಯಂ ಗಟ್ಟಿ ಹರಳಿನೊಳಗೇ ಜರುಗುತ್ತಾ ಹೋಗಬಲ್ಲದು ಎಂಬ ಸುದ್ದಿ ಹೊರಗಿನಿಂದ ಆಗ ತಾನೇ ಬಂದಿತ್ತು. ಜರುಗುವ ಲಿಥಿಯಮ್ಮೇ ಬ್ಯಾಟರಿಯ ಜೀವ.

ಕೇಳಲು ಸುಲಭ. ಮಾಡಲು ಕೂತಾಗ ಲ್ಯಾಂಥನಮ್ ಪುಡಿ ಮೊದಲ ಮಳೆಗಾಲದಲ್ಲೇ ನಮಗೆ ಮಣ್ಣು ಮುಕ್ಕಿಸಿತು. ಅದು ಡಬ್ಬಿಯಲ್ಲಿ ಕೂತೇ ಗಾಳಿಯ ತೇವವನ್ನು ಕುಡಿಯುವ ಪುಡಿ. ನಾವು ಸೀಸೆಯಿಂದ ತೆಗೆದು ಹಾಗೇ ತೂಗಿದೆವು. ಸುಟ್ಟು ತೆಗೆದ ಬಿಲ್ಲೆಗಳು ಶನಿವಾರ ಕಲ್ಲಿನ ಹಾಗಿದ್ದವು. ಸೋಮವಾರ ಬಂದು ನೋಡಿದರೆ ತಟ್ಟೆಯಲ್ಲಿ ಬಿಲ್ಲೆಗಳಿಲ್ಲ, ಬೂದಿಯಂಥ ಗುಪ್ಪೆಗಳಿವೆ. ಪಳನಿ ಇಲಿ ಬಂದಿರಬೇಕು ಎಂದ. ಡಾಕ್ಟರು ಗುಪ್ಪೆಯನ್ನು ಬೆರಳಲ್ಲಿ ಮುಟ್ಟಿ, "ಇಲಿ ಅಲ್ಲ ಕಣಯ್ಯ. ನಾವು ಲ್ಯಾಂಥನಮ್ ತೂಕ ಮಾಡಿಲ್ಲ, ಬೆಂಗಳೂರಿನ ಗಾಳಿ ತೂಕ ಮಾಡಿದೀವಿ," ಎಂದರು. ಅಂದಿನಿಂದ ಆ ಪುಡಿಯನ್ನು ಮೊದಲು ಕಾಯಿಸಿ, ಬಿಸಿ ಆರುವ ಮುಂಚೆ ಮುಚ್ಚಿಟ್ಟು, ಮುಚ್ಚಳ ತೆಗೆದ ಕೂಡಲೇ ತೂಗುವ ಪದ್ಧತಿ ಬಂತು.

ಲ್ಯಾಂಥನಮ್ ಗಾಳಿ ಕುಡಿದರೆ ಲಿಥಿಯಂ ಗಾಳಿಗೆ ಓಡಿಹೋಗುತ್ತಿತ್ತು. ಹೆಚ್ಚು ಕಾಯಿಸಿದಷ್ಟೂ ಅದು ಹಬೆಯಾಗಿ ಪರಾರಿ. ಕಡಿಮೆ ಕಾಯಿಸಿದರೆ ಬಿಲ್ಲೆ ಗಟ್ಟಿಯಾಗುವುದಿಲ್ಲ. ಡಾಕ್ಟರು ಉಪಾಯ ಹುಡುಕಿದರು: ಬಿಲ್ಲೆಯನ್ನು ಅದೇ ಜಾತಿಯ ಪುಡಿಯಲ್ಲಿ ಹೂತು ಸುಡುವುದು. ಸುತ್ತಲಿನ ಪುಡಿ ತನ್ನ ಲಿಥಿಯಂ ಕಳೆದುಕೊಂಡು ಒಳಗಿನದನ್ನು ಕಾಯುತ್ತದೆ. ಒಂದು ಬಿಲ್ಲೆಗಾಗಿ ಹತ್ತು ಬಿಲ್ಲೆಯಷ್ಟು ಪುಡಿ ಬಲಿ. ಇದರ ನಡುವೆ ಕರೆಂಟು ಹೋದರೆ ಎಲ್ಲವೂ ಮೊದಲಿನಿಂದ. ಕುಲುಮೆಯ ಕೆಂಪು ಕಣ್ಣು ಮಂಕಾಗುವುದನ್ನು ನೋಡುತ್ತಾ ಪಳನಿ ವಿದ್ಯುತ್ ಮಂಡಳಿಗೆ ತಮಿಳಿನಲ್ಲಿ ಹೇಳುತ್ತಿದ್ದ ಮಾತುಗಳನ್ನು ಡಾಕ್ಟರು ಅರ್ಥವಾಗದವರ ಹಾಗೆ ಕೇಳಿಸಿಕೊಳ್ಳುತ್ತಿದ್ದರು.

ಅಳತೆಯ ವಿಧಾನವೂ ಈಗಿನದಲ್ಲ. ಈಗ ಬಿಲ್ಲೆಯನ್ನು ಯಂತ್ರಕ್ಕೆ ಕಚ್ಚಿಸಿ ಕಾಫಿಗೆ ಹೋಗಿಬಂದರೆ ಪರದೆಯ ಮೇಲೆ ಚಿತ್ರ ಸಿದ್ಧ. ನಾವು ಬಿಲ್ಲೆಯ ಎರಡೂ ಮೈಗೆ ಬೆಳ್ಳಿಯ ಬಣ್ಣ ಬಳಿದು, ತಂತಿ ಅಂಟಿಸಿ, ತಿರುಪು ತಿರುಗಿಸುತ್ತಾ ಒಂದೊಂದೇ ಅಂಕಿ ಓದಿ, ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡುತ್ತಿದ್ದೆವು. ಚುಕ್ಕೆ ಸೇರಿಸಿದರೆ ಎರಡು ಗುಡ್ಡ ಮೂಡುತ್ತಿದ್ದವು. ಎಡಗಡೆ ಪುಟ್ಟದು, ಬಲಗಡೆ ದೊಡ್ಡದು. ಗುಡ್ಡ ದೊಡ್ಡದಾದಷ್ಟೂ ಲಿಥಿಯಮ್ಮಿಗೆ ಅಡ್ಡಿ ಹೆಚ್ಚು.

ಮೊದಲ ಬಾರಿ ಡಾಕ್ಟರು ಅದನ್ನು ನನಗೆ ವಿವರಿಸಿದ ರೀತಿ ಇನ್ನೂ ನೆನಪಿದೆ. "ಬಿಲ್ಲೆ ಅಂದ್ರೆ ಒಂದೇ ಹರಳಲ್ಲ ಸರೋಜಾ. ಸಾವಿರಾರು ಕಣಗಳು ಪಕ್ಕಪಕ್ಕ ಅಂಟ್ಕೊಂಡಿರೋದು. ಒಂದೊಂದು ಕಣವೂ ಒಂದೊಂದು ಊರು. ಊರೊಳಗೆ ಲಿಥಿಯಂ ಸಲೀಸಾಗಿ ಓಡಾಡುತ್ತೆ, ಅದು ಚಿಕ್ಕ ಗುಡ್ಡ. ಊರು ದಾಟ್ಬೇಕಾದ್ರೆ ಗಡಿಯಲ್ಲಿ ತಡೀತಾರೆ. ಮಾಗಡಿ ರೋಡಿನಲ್ಲಿ ಸುಂಕದಕಟ್ಟೆ ಇಲ್ವೇನ್ರೀ? ಹಿಂದೆ ಗಾಡಿಗಳನ್ನೆಲ್ಲ ಅಲ್ಲೇ ನಿಲ್ಲಿಸ್ತಿದ್ರಂತೆ. ಆ ದೊಡ್ಡ ಗುಡ್ಡ ನಮ್ಮ ಸುಂಕದಕಟ್ಟೆ."

ಎರಡು ವರ್ಷ ಆ ಸುಂಕದಕಟ್ಟೆ ಅಲುಗಲಿಲ್ಲ. ಅಷ್ಟರಲ್ಲಿ ಕೆಪಾಸಿಟರ್ ಬಿಲ್ಲೆಗಳಿಗೆ ಬೇಡಿಕೆ ಏರಿ, ಆ ವಿಭಾಗದವರು ನಮ್ಮ ಕುಲುಮೆಯ ಮೇಲೆ ಕಣ್ಣು ಹಾಕಿದ್ದರು. ಒಂದು ದಿನ ಗಂಗಣ್ಣ ಬಂದು ನಿಂತೇ ಮಾತಾಡಿದರು.

"ಸಾರ್, ಅಂಕಿ ಗಡಿಯಾರ ಮಾಡೋ ಕಂಪನಿಯೋರು ಬರ್ತೀನಿ ಅಂದಿದಾರೆ. ಯುಗಾದಿ ಹೊತ್ಗೆ ನಮ್ ಬ್ಯಾಟ್ರೀಲಿ ಅವರ ಗಡಿಯಾರ ಓಡಿಸಿ ತೋರಿಸ್ಬೇಕು. ಓಡ್ಲಿಲ್ಲ ಅಂದ್ರೆ ಒಲೆ ಕೆಪಾಸಿಟರ್‌ಗೆ ಹೋಗುತ್ತೆ. ಬೇಜಾರ್ ಮಾಡ್ಕೋಬೇಡಿ."

"ನ್ಯಾಯವಾಗಿದೆ," ಎಂದರು ಡಾಕ್ಟರು. ಗಂಗಣ್ಣ ಹೋದ ಮೇಲೆ ಬಹಳ ಹೊತ್ತು ಕನ್ನಡಕ ಒರೆಸುತ್ತಾ ಕೂತಿದ್ದರು. ಕುಲುಮೆ ಹೋದರೆ ನಮ್ಮ ವಿಭಾಗ ಹೋಯಿತು. ಸರ್ಕಾರಿ ಕೆಲಸ ಬಿಟ್ಟು ಬಂದದ್ದಕ್ಕೆ ಅವರ ಬಳಿ ತೋರಿಸಲು ಏನೂ ಉಳಿಯುವುದಿಲ್ಲ. ಅದು ನನಗೂ ಗೊತ್ತಿತ್ತು, ಪಳನಿಗೂ ಗೊತ್ತಿತ್ತು.

ಆ ವರ್ಷದ ಆಯುಧಪೂಜೆಗೆ ಬರುತ್ತೇನೆ. ನಮ್ಮ ಕಡೆಯ ಶೆಡ್ಡುಗಳಲ್ಲಿ ಆಯುಧಪೂಜೆಯೆಂದರೆ ವರ್ಷಕ್ಕೊಂದೇ ದೊಡ್ಡ ಹಬ್ಬ. ಯಂತ್ರಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಎಲ್ಲದಕ್ಕೂ ಅರಿಶಿನ ಕುಂಕುಮ ವಿಭೂತಿ ಹಚ್ಚಿ, ಬೂದುಗುಂಬಳ ಒಡೆದು, ಕೊನೆಗೆ ಎಲ್ಲರಿಗೂ ಒಂದೊಂದು ಪೊಟ್ಟಣ ಕಡಲೆಪುರಿ. ಗಂಗಣ್ಣ ತಟ್ಟೆ ಹಿಡಿದು ತಾವೇ ಸುತ್ತುತ್ತಿದ್ದರು. ಸ್ಪ್ಯಾನರ್, ಸುತ್ತಿಗೆ, ಕ್ಯಾಂಟೀನಿನ ಗ್ರೈಂಡರ್, ಆಫೀಸಿನ ಸ್ಟೇಪ್ಲರ್, ಯಾವುದನ್ನೂ ಬಿಡುತ್ತಿರಲಿಲ್ಲ. ಪೂಜೆಯಿಲ್ಲದೆ ಉಳಿದ ಆಯುಧ ವರ್ಷವಿಡೀ ಮುನಿಸಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ.

ಡಾಕ್ಟರಿಗೆ ಈ ಹಬ್ಬವೆಂದರೆ ಎದೆ ಢವಢವ. ಕುಂಕುಮದ ಒಂದು ಕಣ ಪುಡಿಗೆ ಬಿದ್ದರೂ ತಿಂಗಳ ಕೆಲಸ ಹಾಳು. ಅದಕ್ಕೇ ಪ್ರತಿ ವರ್ಷ ತೂಕದ ಕೋಣೆಗೆ ಬೀಗ ಜಡಿದು, ಬೀಗದ ಕೈ ಜೇಬಿಗೆ ಹಾಕಿಕೊಂಡು, ಅತ್ತಿಗುಪ್ಪೆಯ ತಮ್ಮ ಮನೆಗೆ ಹೋಗಿಬಿಡುತ್ತಿದ್ದರು. ಗಂಗಣ್ಣ ಬೀಗಕ್ಕೇ ಕುಂಕುಮ ಹಚ್ಚಿ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಆ ವರ್ಷವೂ ಬೀಗ ಬಿತ್ತು. ನಾನು ಹಬ್ಬಕ್ಕೆ ರಜೆ ಹಾಕಿದ್ದೆ. ಒಳಗಿರಬೇಕಾದ ಅಗೇಟ್ ಒರಳು ಮಾತ್ರ ತೊಳೆಸಿಕೊಂಡು ಹೊರಗೆ ಕುಲುಮೆಯ ಪಕ್ಕ ಒಣಗಲು ಕೂತಿತ್ತು. ಅಗೇಟ್ ಎಂಬುದು ಗಾಜಿನಂತೆ ನುಣುಪಾದ, ಬಹಳ ಗಟ್ಟಿಯಾದ ಕಲ್ಲು. ನಾವು ಪುಡಿ ಅರೆಯುತ್ತಿದ್ದುದು ಅದರಲ್ಲೇ. ಅಂಗೈಯಗಲದ ಆ ಒರಳನ್ನು ಡಾಕ್ಟರು ಯಾರ ಕೈಗೂ ಕೊಡುತ್ತಿರಲಿಲ್ಲ.

ವಿಜಯದಶಮಿ ಕಳೆದು ಕೆಲಸ ಶುರುವಾಯಿತು. ಎಂದಿನಂತೆ ಅರೆದೆವು, ಒತ್ತಿದೆವು, ಹೂತೆವು, ಸುಟ್ಟೆವು. ಬಿಲ್ಲೆ ಯಾವತ್ತಿಗಿಂತ ಗಟ್ಟಿಯಾಗಿ, ಟಣ್ ಎನ್ನುವಂತೆ ಬಂತು. ನಾನು ಅಂಕಿ ಓದುತ್ತಾ ಹೋದೆ, ಡಾಕ್ಟರು ಚುಕ್ಕೆ ಇಡುತ್ತಾ ಹೋದರು. ಚಿಕ್ಕ ಗುಡ್ಡ ಎಂದಿನಂತೆ ಬಂತು. ದೊಡ್ಡ ಗುಡ್ಡ ಏರತೊಡಗಿ, ಅರ್ಧಕ್ಕೂ ಬಾರದೆ ಬಾಗಿ ಇಳಿಯಿತು. ಡಾಕ್ಟರು ಪೆನ್ಸಿಲ್ ಹಿಡಿದೇ ಕೂತರು.

"ಇನ್ನೊಂದ್ಸಲ ಓದಿ."

ಓದಿದೆ. ಅದೇ ಅಂಕಿಗಳು. ತಂತಿ ಬಿಚ್ಚಿ ಹೊಸದಾಗಿ ಅಂಟಿಸಿ ಓದಿದೆ. ಅದೇ. ಯಾವತ್ತೂ ಗಟ್ಟಿಯಾಗಿ ಮಾತಾಡದ ಮನುಷ್ಯ ಬಾಗಿಲಿಗೆ ಹೋಗಿ, "ಪಳನಿ! ಸುಂಕದಕಟ್ಟೆ ಬಿತ್ತು ಕಣಯ್ಯಾ!" ಎಂದು ಕೂಗಿದರು. ಮಾಗಡಿ ರಸ್ತೆಯಲ್ಲಿ ಏನೋ ಅನಾಹುತವಾಗಿದೆ ಎಂದುಕೊಂಡು ಪಳನಿ ಓಡಿ ಬಂದ. ಅಂದು ನನಗಾದ ಸಂತೋಷ ಆಮೇಲಿನ ಯಾವ ಬಡ್ತಿಯಲ್ಲೂ ಆಗಲಿಲ್ಲ.

ಸಂತೋಷ ಹೆಚ್ಚು ದಿನ ನಿಲ್ಲಲಿಲ್ಲ. ಮುಂದಿನ ಬಿಲ್ಲೆಯಲ್ಲಿ ಗುಡ್ಡ ಮತ್ತೆ ಎದ್ದು ನಿಂತಿತ್ತು. ಅದರ ಮುಂದಿನದರಲ್ಲೂ. ತೂಕ ಅದೇ, ಕಾವು ಅದೇ, ಕೈಗಳೂ ಅವೇ. ಒಮ್ಮೆ ಬಂದದ್ದು ಮತ್ತೆ ಬರದಿದ್ದರೆ ನಮ್ಮ ಕೆಲಸದಲ್ಲಿ ಅದು ಬಂದೇ ಇಲ್ಲ ಎಂದು ಲೆಕ್ಕ. ಇದನ್ನು ಹೊಸಬರು ಎಷ್ಟು ಬೇಗ ಕಲಿತರೆ ಅಷ್ಟು ಒಳ್ಳೆಯದು. ಡಾಕ್ಟರು ಕೃಶರಾದರು. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು. ಗಂಗಣ್ಣ ವಿಚಾರಿಸಲು ಬಂದಾಗ ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಒಂದೇ ಒಂದು ಬಿಲ್ಲೆ ಬಂತು ಗಂಗಣ್ಣ. ಆಯುಧಪೂಜೆ ಆದ್ಮೇಲೆ ಮಾಡಿದ್ದು. ಯಾಕೆ ಬಂತು ಗೊತ್ತಿಲ್ಲ."

ಗಂಗಣ್ಣನ ಮುಖ ಅರಳಿತು. "ಯಾಕ್ ಗೊತ್ತಿಲ್ಲ ಸಾರ್? ಈ ಸಲದ ಹಬ್ಬಕ್ಕೇ ಅಲ್ವಾ ನಿಮ್ಮ ಒಳ್ಳೇ ಒರಳಿಗೆ ಪೂಜೆ ಆಗಿದ್ದು!"

ಪಳನಿ ನೆಲ ನೋಡುತ್ತಿದ್ದ.

"ಏನ್ ಪೂಜೆ?" ಎಂದರು ಡಾಕ್ಟರು.

"ವಿಭೂತಿ ಹಚ್ದೆ ಸಾರ್, ಮೂರ್ ಪಟ್ಟೆ. ಹೊರಗೆ ಹಚ್ಚಿದ್ರೆ ಡಾಕ್ಟರು ನೋಡಿ ಬೈತಾರೆ ಅಂದ ಪಳನಿ. ನಿಮಗೆ ಯಾಕ್ ಬೇಜಾರು ಅಂತ, ಕಾಣ್ದೆ ಇರ್ಲಿ ಅಂತ, ಒಳಗಡೆ ಹಚ್ದೆ."

"ನಾನು ಬಟ್ಟೇಲಿ ಒರೆಸ್ದೆ ಸಾರ್," ಎಂದ ಪಳನಿ ಮೆಲ್ಲಗೆ.

ಡಾಕ್ಟರು ಅಂದು ಬೈದಷ್ಟು ಯಾವತ್ತೂ ಬೈದವರಲ್ಲ. ಒರಳಿನ ಹೊರಗೆ ಹಚ್ಚಿದ್ದರೆ ಒಂದು ತೊಳೆತಕ್ಕೆ ಹೋಗುತ್ತಿತ್ತು, ನನ್ನ ಮನಸ್ಸು ನೋಯಬಾರದು ಎಂದು ನನ್ನ ಪುಡಿಯೊಳಗೇ ಇಟ್ಟಿರಲ್ಲ ಎಂದು ಕೂಗಾಡಿದರು. ಗಂಗಣ್ಣ ಮಾಲೀಕರಾದರೂ ಶಾಲೆಯ ಮಗುವಿನಂತೆ ನಿಂತು ಕೇಳಿಸಿಕೊಂಡರು. ಬೈಗುಳ ಮುಗಿದ ಮೇಲೆ ಡಾಕ್ಟರು ನೀರು ಕುಡಿದರು. ಗ್ಲಾಸು ಕೆಳಗಿಟ್ಟಾಗ ಅವರ ದನಿ ಬೇರೆಯೇ ಆಗಿತ್ತು.

"ಆ ವಿಭೂತಿ ಇನ್ನೂ ಇದ್ಯಾ?"

"ಅದೆಲ್ಲಿ ಸಾರ್, ಖರ್ಚಾಯ್ತು. ಈಗ್ಲೇ ತರಿಸ್ತೀನಿ."

ವಿಜಯನಗರದ ಮಾರ್ಕೆಟ್ಟಿನಿಂದ ಘಮಘಮಿಸುವ ವಿಭೂತಿ ಗಟ್ಟಿ ಬಂತು. ಗಂಗಣ್ಣ ಕೈಮುಗಿದು ಕೊಟ್ಟರು. ಡಾಕ್ಟರು ಹಲ್ಲು ಕಚ್ಚಿಕೊಂಡು ಚಿಟಿಕೆ ಪುಡಿಗೆ ಬೆರೆಸಿದರು. ಬಿಲ್ಲೆ ಹಾಳಾಯಿತು, ಗುಡ್ಡ ಇನ್ನೂ ದೊಡ್ಡದಾಯಿತು.

"ಭಕ್ತಿ ಸಾಲ್ದೇನೋ ಸಾರ್," ಎಂದರು ಗಂಗಣ್ಣ, ನಿಜವಾದ ಕಾಳಜಿಯಿಂದ.

ಡಾಕ್ಟರು ಉಳಿದ ವಿಭೂತಿಯ ಮೇಲೆ ಒಂದು ಹನಿ ಆಸಿಡ್ ಹಾಕಿದರು. ಬುಸ್ಸೆಂದು ನೊರೆ ಬಂದು ಎಲ್ಲ ಕರಗಿಹೋಯಿತು. "ಇದು ವಿಭೂತಿ ಅಲ್ಲ ರೀ, ಸುಗಂಧ ಹಾಕಿದ ಸೀಮೆಸುಣ್ಣ. ನೀವು ಹಬ್ಬಕ್ಕೆ ಹಚ್ಚಿದ್ದೂ ಇದೇನಾ?"

"ಇಲ್ಲ ಸಾರ್. ಅದು ಮನೇದು. ನಮ್ಮವ್ವ ಮಾಡಿದ್ದು."

ಆ ಭಾನುವಾರ ಡಾಕ್ಟರೂ ನಾನೂ ಮೂಡಲಪಾಳ್ಯಕ್ಕೆ ಹೋದೆವು. ಸುತ್ತ ಸೈಟುಗಳ ಕಲ್ಲು ನೆಟ್ಟಿದ್ದರೂ ಗಂಗಣ್ಣನ ಹಳೆ ಮನೆಯ ಹಿಂದೆ ಕೊಟ್ಟಿಗೆ ಉಳಿದಿತ್ತು, ಎರಡು ಹಸು ಇದ್ದವು. ಶಿವರಾತ್ರಿ ಹತ್ತಿರವಿತ್ತು. ಗಂಗಣ್ಣನ ತಾಯಿ ಕೆಂಪಮ್ಮ ಸಗಣಿ ಉಂಡೆಗಳನ್ನು ಬಿಸಿಲಿಗೆ ಹರವಿದ್ದರು. ಅಕ್ಕಿ ಗಿರಣಿಯಿಂದ ತರಿಸಿದ ಭತ್ತದ ಹೊಟ್ಟು ಮೂಲೆಯಲ್ಲಿ ಗುಡ್ಡೆಯಾಗಿತ್ತು.

"ಅದು ಯಾಕಮ್ಮ?" ಎಂದು ಡಾಕ್ಟರು ಹೊಟ್ಟು ತೋರಿಸಿದರು.

"ಉಂಡೆ ಮ್ಯಾಲೆ ಹೊಟ್ಟು ಮುಚ್ಚಿ ಬೆಂಕಿ ಇಕ್ಕದು ಕಣಪ್ಪ. ನಿಧಾನಕ್ಕೆ ಬೇಯ್ತದೆ, ಬೆಳ್ಳಗಾಯ್ತದೆ. ನಮ್ಮತ್ತೆ ಹಂಗೇ ಮಾಡೋರು."

ಡಾಕ್ಟರು ಒಂದು ಹಿಡಿ ಹೊಟ್ಟು ತೆಗೆದುಕೊಂಡು ಬೆರಳಲ್ಲಿ ಹೊಸಕಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು. ಭತ್ತದ ಹೊಟ್ಟು ಸುಟ್ಟರೆ ಉಳಿಯುವುದು ಹೆಚ್ಚೂಕಡಿಮೆ ಸಿಲಿಕಾ, ಅಂದರೆ ಗಾಜಿನ ಮೂಲವಸ್ತು, ಬಲು ನುಣ್ಣಗಿನದು. ಅದು ಉಂಡೆಗೆ ಮೆತ್ತಿಕೊಂಡು ವಿಭೂತಿಯಲ್ಲಿ ಸೇರಿರಬೇಕು. ಅದೇ ನಮ್ಮ ಕಣಗಳ ನಡುವೆ ಕರಗಿ ಹರಡಿ, ಗಡಿಯ ಸಂದುಗಳನ್ನು ಬೆಸೆದಿದೆ. "ಭಕ್ತಿ ಅಲ್ಲ ಸರೋಜಾ, ಹೊಟ್ಟು," ಎಂದರು. ಆದರೆ ಗಂಗಣ್ಣನಿಗೆ ಕೇಳಿಸುವ ಹಾಗೆ ಹೇಳಲಿಲ್ಲ.

ಹಳೆಯ ವಿಭೂತಿ ಸ್ವಲ್ಪ ಉಳಿದಿತ್ತು. ಕೆಂಪಮ್ಮ ತಟ್ಟನೆ ಕೊಡಲಿಲ್ಲ.

"ಇದು ಹಣೆಗಿಕ್ಕೊಳ್ಳೋದು ಸ್ವಾಮಿ. ಒಲೆಗಿಕ್ತೀನಿ ಅಂತೀರಲ್ಲ. ನೀವ್ ಮೊದ್ಲು ಇಕ್ಕೊಳ್ಳಿ, ಆಮ್ಯಾಕೆ ಒಲೆಗಾರ ಇಕ್ಕಿ, ಕುಲ್ಮೆಗಾರ ಇಕ್ಕಿ."

ಡಾಕ್ಟರು ನನ್ನನ್ನು ನೋಡಿದರು. ನಾನು ಹಸುವನ್ನು ನೋಡಿದೆ. ಅವರು ಕನ್ನಡಕ ತೆಗೆದು ತಲೆ ಬಾಗಿಸಿದರು. ಕೆಂಪಮ್ಮ ಮೂರು ಬೆರಳಲ್ಲಿ ಅಗಲವಾಗಿ ಎಳೆದರು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಮರೆತಿದ್ದರೋ ಬೇಕೆಂದೇ ಬಿಟ್ಟಿದ್ದರೋ, ನಾನು ಕೇಳಲಿಲ್ಲ.

ಈ ಸಲ ಚಿಟಿಕೆಯಲ್ಲ, ತೂಗಿ ಬೆರೆಸಿದೆವು. ಹೆಚ್ಚಾದಾಗ ಕೆಟ್ಟಿತು, ಕಡಿಮೆಯಾದಾಗ ಪ್ರಯೋಜನವಾಗಲಿಲ್ಲ, ನಡುವೆ ಒಂದು ಅಳತೆಯಲ್ಲಿ ಗುಡ್ಡ ಕುಗ್ಗಿತು. ಮತ್ತೆ ಮಾಡಿದಾಗಲೂ ಕುಗ್ಗಿತು. ಆಮೇಲೆ ಬರಿಯ ಹೊಟ್ಟಿನ ಬೂದಿ ಹಾಕಿ ನೋಡಿದೆವು, ಆಗಲೂ ಕುಗ್ಗಿತು. ಈಗ ಅದು ಬಂದದ್ದು ಎಂದು ಲೆಕ್ಕ.

ಯುಗಾದಿಗೆ ಮೊದಲು ಗಡಿಯಾರದ ಕಂಪನಿಯ ಅಧಿಕಾರಿ ಬಂದರು. ದಪ್ಪ ಕನ್ನಡಕ, ಕಡಿಮೆ ಮಾತು. ತೆಳ್ಳಗೆ ತೇಯ್ದ ನಮ್ಮ ಬಿಲ್ಲೆಯ ಒಂದು ಮೈಗೆ ಲಿಥಿಯಂ ಲೋಹದ ತಗಡು, ಇನ್ನೊಂದು ಮೈಗೆ ಮ್ಯಾಂಗನೀಸಿನ ಕಪ್ಪು ಪುಡಿ ಒತ್ತಿ, ಗಾಳಿಯಾಡದ ಹಾಗೆ ಮುಚ್ಚಿದ ಪುಟ್ಟ ಸೆಲ್. ಅವರು ತಂದಿದ್ದ ಅಂಕಿ ಗಡಿಯಾರಕ್ಕೆ ಜೋಡಿಸಿದೆವು. ಬೂದು ಪರದೆಯ ಮೇಲೆ ಅಂಕಿಗಳು ಮೂಡಿದವು. ನಡುವಿನ ಎರಡು ಚುಕ್ಕೆಗಳು ಮಿಟುಕತೊಡಗಿದವು. ಪಳನಿ ಶಿಳ್ಳೆ ಹಾಕಿದ. ಗಂಗಣ್ಣ ಡಾಕ್ಟರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅಧಿಕಾರಿ, ನಾಳೆ ಮತ್ತೆ ಬರುತ್ತೇನೆ, ಒಪ್ಪಂದ ಮಾಡಿಕೊಳ್ಳೋಣ ಎಂದು ಹೇಳಿ ಗಡಿಯಾರವನ್ನು ನಮ್ಮಲ್ಲೇ ಬಿಟ್ಟು ಹೋದರು.

ಹಿಂದಿನ ವಾರ ಮಾಡಿದ, ಇದರ ಜೋಡಿ ಸೆಲ್ ಒಂದು ಕಪಾಟಿನಲ್ಲಿತ್ತು. ಎಲ್ಲರೂ ಸಿಹಿ ತಿನ್ನುತ್ತಿದ್ದಾಗ ಡಾಕ್ಟರು ತೇವ ತಾಗದಂತೆ ಮುಚ್ಚಿದ ಒಣಗಾಳಿಯ ಪೆಟ್ಟಿಗೆಯಲ್ಲಿ ಕೈ ಇಳಿಬಿಟ್ಟು ಅದನ್ನು ಬಿಚ್ಚಿದರು. ಬಿಳಿಯ ಬಿಲ್ಲೆಯಲ್ಲಿ ಲಿಥಿಯಂ ಮುಟ್ಟಿದ್ದ ಮೈ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ಮೇಲೆ ಮಾತ್ರ ಇರಲಿಲ್ಲ. ಮುರಿದು ನೋಡಿದಾಗ ಒಳಕ್ಕೂ ಇಳಿದಿತ್ತು.

ಅವರು ಗಂಗಣ್ಣನನ್ನು ಕರೆದು ತೋರಿಸಿದರು. ಲಿಥಿಯಂ ಲೋಹ ಮುಟ್ಟಿದ ಕಡೆ ಪುಡಿಯೊಳಗಿನ ಟೈಟಾನಿಯಂ ಕೆಡುತ್ತದೆ. ಕೆಟ್ಟ ಭಾಗದಲ್ಲಿ ಲಿಥಿಯಂ ಒಂದೇ ಅಲ್ಲ, ವಿದ್ಯುತ್ತೂ ಒಳಗೊಳಗೇ ಹರಿಯುತ್ತದೆ. ಅದು ಈ ಮೈಯಿಂದ ಆ ಮೈ ಮುಟ್ಟಿದ ದಿನ ಸೆಲ್ ತನ್ನನ್ನು ತಾನೇ ತಿಂದು ಮುಗಿಸುತ್ತದೆ.

ಗಂಗಣ್ಣ ಕೇಳಿದ ಮೊದಲ ಮಾತು, "ನಮ್ಮವ್ವನ ವಿಭೂತಿಯಿಂದ ಹಿಂಗಾಯ್ತಾ ಸಾರ್?"

"ಇಲ್ಲಪ್ಪ. ಅದು ಅದರ ಕೆಲಸ ಸರಿಯಾಗಿ ಮಾಡಿದೆ. ಇದು ಪುಡಿಯ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ನಾವು ಸುಟ್ಟೇ ನೋಡಿದೀವಿ."

"ಆದ್ರೆ ಗಡಿಯಾರ ಓಡ್ತಾ ಇದೆಯಲ್ಲ?"

"ಓಡುತ್ತೆ. ಮಳೆಗಾಲ ಹಿಡಿಯೋ ಮುಂಚೆ ನಿಲ್ಲುತ್ತೆ."

ಗಂಗಣ್ಣ ಬಾಗಿಲು ಮುಂದೆ ಮಾಡಿ ಬಂದರು. "ಸಾರ್, ನಾಳೆ ಆ ಮನುಷ್ಯ ಸೈನ್ ಹಾಕಿದ್ರೆ ಒಂದ್ ವರ್ಷ ಟೈಮ್ ಸಿಗುತ್ತೆ. ಅಷ್ಟ್ರಲ್ಲಿ ನೀವೇ ಸರಿ ಮಾಡ್ತೀರಿ. ಓಡೋ ಗಡಿಯಾರ ನಾವೇ ಯಾಕ್ ನಿಲ್ಸೋದು? ಸುಮ್ನಿದ್ಬಿಡಿ. ನಾನ್ ಸುಳ್ ಹೇಳಿ ಅಂತ ಹೇಳ್ತಿಲ್ಲ."

ಸುಮ್ಮನಿರಲಿ ಎಂದೇ ನನಗೂ ಅನ್ನಿಸಿತು. ಎರಡು ವರ್ಷ ಆ ಮನುಷ್ಯ ಪಟ್ಟ ಪಾಡು ನೋಡಿದ ಯಾರಿಗಾದರೂ ಹಾಗನ್ನಿಸುತ್ತಿತ್ತು. ಡಾಕ್ಟರು ಮುರಿದ ಬಿಲ್ಲೆಯ ಎರಡು ಚೂರುಗಳನ್ನು ಜೋಡಿಸಿ, ಬಿಡಿಸಿ, ಜೋಡಿಸಿ ನೋಡುತ್ತಿದ್ದರು.

"ಒರಳಿನ ಒಳಗೆ ಹಚ್ಚಿದ ಹಾಗೆ ಆಗುತ್ತೆ ಗಂಗಣ್ಣ," ಎಂದರು ಕೊನೆಗೆ. "ಅವರಿಗೆ ಕಾಣಲ್ಲ. ಪುಡಿಗೆ ಸೇರಿರುತ್ತೆ."

ಮರುದಿನ ಅಧಿಕಾರಿಯ ಮುಂದೆ ನೇರಳೆ ಚೂರುಗಳನ್ನು ಇಟ್ಟು ತಾವೇ ಎಲ್ಲ ಹೇಳಿದರು. ಆತ ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು.

"ನೀವು ಹೇಳ್ದೆ ಇದ್ದಿದ್ರೆ ನಮಗೆ ಗೊತ್ತಾಗ್ತಿರ್ಲಿಲ್ಲ ಡಾಕ್ಟ್ರೇ."

"ಗೊತ್ತಾಗ್ತಿತ್ತು. ಜೂನ್‌ನಲ್ಲಿ."

ಆತ ಕೈ ಕುಲುಕಿ ಹೋದರು. ಒಪ್ಪಂದವಾಗಲಿಲ್ಲ. ಗಂಗಣ್ಣ ಡಾಕ್ಟರ ಜೊತೆ ಮಾತು ಬಿಟ್ಟರು. ಬೈಯಲಿಲ್ಲ, ಜಗಳವಾಡಲಿಲ್ಲ, ಎದುರು ಬಂದರೆ ತಲೆ ತಗ್ಗಿಸಿ ದಾಟುತ್ತಿದ್ದರು. ಕುಲುಮೆಯನ್ನೂ ಪಳನಿಯನ್ನೂ ನನ್ನನ್ನೂ ಕೆಪಾಸಿಟರ್ ವಿಭಾಗಕ್ಕೆ ಕೊಟ್ಟರು. ಡಾಕ್ಟರು ಕೆಂಗೇರಿಯ ಆಚೆ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದರು. ಹೋಗುವ ದಿನ ಅಗೇಟ್ ಒರಳನ್ನು ಆಸಿಡ್ಡಿನಲ್ಲಿ ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟು, "ಯಾರಿಗೂ ಕೊಡ್ಬೇಡಿ," ಎಂದಷ್ಟೇ ಹೇಳಿದರು. ನನಗೆ ದುಃಖ ಉಕ್ಕಿ ಬಂತು. ತಕ್ಕಡಿಯ ಕೋಣೆಯಲ್ಲಿ ಅಳುವುದೂ ಸೀನಿದಷ್ಟೇ ತಪ್ಪು ಎಂದು ಹೊರಗೆ ಹೋದೆ.

ಗಡಿಯಾರ ಗಂಗಣ್ಣನ ಮೇಜಿನ ಮೇಲೆ ಉಳಿದಿತ್ತು. ಕಂಪನಿಯವರು ವಾಪಸು ಕೇಳಲಿಲ್ಲ. ಬೇಸಿಗೆಯಿಡೀ ಅದರ ಚುಕ್ಕೆಗಳು ಮಿಟುಕುತ್ತಲೇ ಇದ್ದವು. ನಾನು ಸಹಿಗೆಂದು ಹೋದಾಗಲೆಲ್ಲ ಅವರ ಕಣ್ಣು ಅದರ ಮೇಲೆಯೇ ಇರುತ್ತಿತ್ತು. ಮೊದಲ ಮಳೆ ಇನ್ನೂ ಬಿದ್ದಿರಲಿಲ್ಲ, ಒಂದು ಬೆಳಿಗ್ಗೆ ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದರು. ಪರದೆ ಖಾಲಿ.

"ನಿಂತೋಯ್ತು ಮೇಡಂ."

"ಡಾಕ್ಟ್ರು ಹೇಳಿದ್ರಲ್ಲ ಸಾರ್."

"ಹೇಳಿದ್ರು. ಆದ್ರೂ ನಮ್ಮವ್ವನ ವಿಭೂತಿ ಅಲ್ವಾ ಅಂತ ಒಂದ್ ಆಸೆ ಇತ್ತು." ಗಡಿಯಾರವನ್ನು ಮಗುಚಿ ನೋಡಿ ಕೇಳಿದರು, "ಇದನ್ನೇ ನಾವು ಸಾವಿರಗಟ್ಲೆ ಮಾರಿಬಿಟ್ಟಿದ್ರೆ?"

ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟರು.

ಮತ್ತೆ ಆಯುಧಪೂಜೆ ಬಂತು. ತೂಕದ ಕೋಣೆಗೆ ಬೀಗ ಹಾಕುವವರು ಯಾರೂ ಇರಲಿಲ್ಲ. ಬಾಗಿಲು ತೆರೆದೇ ಇತ್ತು, ಒರಳು ಮೇಜಿನ ಮೇಲಿತ್ತು. ಗಂಗಣ್ಣ ತಟ್ಟೆ ಹಿಡಿದು ಕುಲುಮೆ, ಒತ್ತುಯಂತ್ರ, ತಕ್ಕಡಿಯ ಪೆಟ್ಟಿಗೆ ಎಲ್ಲ ಮುಗಿಸಿ ಅಲ್ಲಿಗೆ ಬಂದರು. ತಟ್ಟೆಯಲ್ಲಿ ಕೆಂಪಮ್ಮನ ವಿಭೂತಿ. ಮೂರು ಬೆರಳು ಅದ್ದಿ, ಒರಳಿನ ಬಳಿ ತಂದು, ತಡೆದು ನಿಂತರು.

"ಮೇಡಂ, ಒಳಗೆ ಹಚ್ಲಾ, ಹೊರಗೆ ಹಚ್ಲಾ?"

"ಹೊರಗೆ ಹಚ್ಚಿ ಸಾರ್," ಎಂದೆ. "ಒಳಗೆ ಹಚ್ಚಿದ್ರೆ ಡಾಕ್ಟ್ರು ಬೈತಾರೆ."

ಪಳನಿ ತಲೆಯೆತ್ತಿ ನನ್ನನ್ನು ನೋಡಿದ. ಗಂಗಣ್ಣ ಒಮ್ಮೆ ಖಾಲಿ ಬಾಗಿಲ ಕಡೆ ನೋಡಿ, "ಹೌದು, ಬೈತಾರೆ," ಎಂದು, ಒರಳಿನ ಹೊರಮೈಗೆ, ಎಲ್ಲರಿಗೂ ಕಾಣುವ ಹಾಗೆ, ಮೂರು ಪಟ್ಟೆ ಎಳೆದರು.